ಗ್ಯಾಸ್ ಹೆಚ್ಚಿದಷ್ಟೂ ತಂಪು ಕಡಿಮೆಯಾದ ಕಾರು: ದಾವಣಗೆರೆಯ ಒಂದು ಎಸಿ ಪ್ರಕರಣ

ಹಿನ್ನೆಲೆ

ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು, 1.2 ಲೀಟರ್ ಎಂಜಿನ್. ಎಸಿ ಮ್ಯಾನುಯಲ್. ಬ್ಲೋವರ್‌ಗೆ ಒಂದು ನಾಬ್, ನೀಲಿ-ಕೆಂಪು ಗೆರೆಯ ಇನ್ನೊಂದು, ಗಾಳಿ ಮುಖಕ್ಕೋ ಕಾಲಿಗೋ ಗಾಜಿಗೋ ಎಂದು ತಿರುಗಿಸಲು ಮತ್ತೊಂದು. ಹೊರಗಿನ ಗಾಳಿ ತೆಗೆದುಕೊಳ್ಳಬೇಕೋ ಒಳಗಿನದನ್ನೇ ಸುತ್ತಿಸಬೇಕೋ ಎಂಬುದಕ್ಕೆ ಮೇಲೆ ಒಂದು ಚಿಕ್ಕ ಲಿವರ್. ಹಿಂದಿನ ಸೀಟಿಗೆ ಬೇರೆ ವೆಂಟ್ ಇಲ್ಲ. ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಇಂಥವೇ, ಹಾಗಾಗಿ ಈ ಪ್ರಕರಣವನ್ನು ವಿವರವಾಗಿ ಬರೆಯುವುದಕ್ಕೆ ಅರ್ಥವಿದೆ. ಮಾಲೀಕರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಕಾರಿನ ಕಂಪನಿ, ಹಿಂದೆ ಕೆಲಸ ಮಾಡಿದ ಗ್ಯಾರೇಜ್‌ಗಳ ಹೆಸರು ಇಲ್ಲಿ ಬೇಕಿಲ್ಲ.

ಮಾಲೀಕರದು ದಾವಣಗೆರೆಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಸುಗ್ಗಿಯಲ್ಲಿ ಜಗಳೂರು, ಚಳ್ಳಕೆರೆ ಕಡೆಯ ಹಳ್ಳಿಗಳಿಗೆ ಓಡಾಟ. ಉಳಿದ ದಿನ ಎಪಿಎಂಸಿ ಯಾರ್ಡ್, ಮಂಡಿಪೇಟೆ, ಬ್ಯಾಂಕು. ಯಾರ್ಡ್‌ನಲ್ಲಿ ಕಾರು ನಿಲ್ಲುವುದು ಬಟಾಬಯಲಲ್ಲಿ. ಪಕ್ಕದಲ್ಲೇ ಕಾಳು ತೂರುತ್ತಾರೆ, ಲಾರಿಗೆ ತುಂಬುತ್ತಾರೆ, ಹೊಟ್ಟು ಹಾರುತ್ತಲೇ ಇರುತ್ತದೆ. ತಿಂಗಳಿಗೆ ಒಂದೆರಡು ಸಲ ಎಪ್ಪತ್ತು ದಾಟಿದ ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದುರ್ಗದ ನೆಂಟರ ಮನೆಗೆ ಹೋಗಿಬರುತ್ತಾರೆ. ಆ ತಾಯಿಗೆ ಸೆಕೆ ತಡೆಯುವುದಿಲ್ಲ, ಬಿ.ಪಿ. ಮಾತ್ರೆ ನುಂಗುವವರು. ಎಸಿ ಈ ಮನೆಗೆ ಶೋಕಿಯ ವಸ್ತುವಾಗಿರಲಿಲ್ಲ.

ಹೇಳಿದ್ದು ಒಂದು ದೂರು

ಏಪ್ರಿಲ್ ಮೊದಲ ವಾರ ಕಾರು ಗ್ಯಾರೇಜಿಗೆ ಬಂದಾಗ ಮಾಲೀಕರು ಹೇಳಿದ್ದು: "ಎಸಿ ವೀಕ್ ಆಗೈತಿ. ಗ್ಯಾಸ್ ಹಾಕಿಸಿದ್ರೂ ನಿಲ್ಲವಲ್ದು. ಕಂಪ್ರೆಸರ್ ಬದಲಿಸಬೇಕು ಅಂದಾರ."

ಯಾವಾಗ ವೀಕು, ಎಲ್ಲಿ, ಯಾವ ಸೀಟಿನಲ್ಲಿ ಎಂದು ಒಂದೊಂದಾಗಿ ಕೇಳಿದಾಗ ದೂರು ಬಿಡಿಬಿಡಿಯಾಯಿತು. "ಹೈವೇದಾಗ ಕೈ ಮರಗಟ್ಟಂಗ ತಂಪು ಬರ್ತೈತಿ. ಊರೊಳಗ ಬಂದ್ರ ಬರೀ ಗಾಳಿ. ಹಿಂದ ಕುಂತ ಅವ್ವಗಂತೂ ಬೆವರು ಆರೋದೇ ಇಲ್ಲ." ಜೊತೆಗೆ ಬೆಳಿಗ್ಗೆ ಎಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ, ದೂರದ ಓಡಾಟದಲ್ಲಿ ತಲೆ ಭಾರ, ತೂಕಡಿಕೆ.

ಇದು ಒಂದು ದೂರಲ್ಲ, ನಾಲ್ಕು. ಹೈವೇಯಲ್ಲಿ ತಂಪಾಗಿ ಊರೊಳಗೆ ಬಿಸಿಯಾದರೆ ಕಾರಣ ಸಾಮಾನ್ಯವಾಗಿ ಕಾರಿನ ಮೂತಿಯಲ್ಲಿರುವ ಕಂಡೆನ್ಸರ್ (ಒಳಗಿನ ಬಿಸಿಯನ್ನು ಹೊರಗೆ ಬಿಡುವ ಜಾಲರಿ), ಅದರ ಫ್ಯಾನು, ಇಲ್ಲವೇ ಗ್ಯಾಸಿನ ಪ್ರಮಾಣ. ಮುಂದೆ ತಂಪು ಹಿಂದೆ ಸೆಕೆ ಅಂದರೆ ಗಾಳಿ ಹಂಚಿಕೆಯ ತೊಂದರೆ. ವಾಸನೆ, ಡ್ಯಾಶ್‌ಬೋರ್ಡ್ ಒಳಗೆ ಗಾಳಿ ತಣ್ಣಗೆ ಮಾಡುವ ಕೂಲಿಂಗ್ ಕಾಯಿಲ್‌ನ ತೇವದಿಂದ. ತೂಕಡಿಕೆ ಒಳಗಿನ ಗಾಳಿಯನ್ನೇ ಗಂಟೆಗಟ್ಟಲೆ ಸುತ್ತಿಸಿದ್ದರಿಂದ. ನಾಲ್ಕಕ್ಕೂ ಗ್ಯಾಸ್ ಒಂದೇ ಮದ್ದಾಗಲು ಸಾಧ್ಯವಿಲ್ಲ. "ಹೈವೇಯಲ್ಲಿ ಕೈ ಮರಗಟ್ಟುವ ತಂಪು" ಎಂಬ ಮಾತು ಮಾತ್ರ ಆ ದಿನ ಯಾರಿಗೂ ದೂರಿನಂತೆ ಕೇಳಲಿಲ್ಲ.

ಅದಕ್ಕೂ ಮೊದಲು ನಡೆದದ್ದು

ಎರಡು ವರ್ಷದ ಹಿಂದೆ ವಾಸನೆ ಬರುತ್ತದೆಂದು ಒಂದು ಕಡೆ ಕೂಲಿಂಗ್ ಕಾಯಿಲ್ ಬಿಚ್ಚಿ ತೊಳೆಸಿದ್ದರು. ಆಮೇಲಿನ ಎರಡು ಬೇಸಿಗೆಯಲ್ಲೂ ಗ್ಯಾಸ್ ಟಾಪ್ ಅಪ್. ಎರಡು ಸಲವೂ ಒಳಗಿದ್ದ ಗ್ಯಾಸ್ ಹೊರತೆಗೆದು ತೂಗಿರಲಿಲ್ಲ. ಡಬ್ಬಿ ಸಿಕ್ಕಿಸಿ, ಲೋ ಸೈಡ್ (ಕಡಿಮೆ ಒತ್ತಡದ) ಪೈಪು ಕೈಗೆ ತಣ್ಣಗಾಗುವವರೆಗೆ ಬಿಟ್ಟಿದ್ದರು. ಅಂಗಡಿಯಲ್ಲಿ ಸಿಗುವ ಆರ್134ಎ ಗ್ಯಾಸಿನ ಡಬ್ಬಿಯಲ್ಲಿ ಸಾಮಾನ್ಯವಾಗಿ 450 ಗ್ರಾಂ ಇರುತ್ತದೆ. ಈ ಕಾರಿನ ಇಡೀ ವ್ಯವಸ್ಥೆಗೆ ಬೇಕಾದದ್ದು 420 ಗ್ರಾಂ ಎಂದು ಬಾನೆಟ್ ಒಳಗಿನ ಸ್ಟಿಕ್ಕರ್ ಹೇಳುತ್ತದೆ. ಡಬ್ಬಿಯ ಕಾಲುಭಾಗ ಹೆಚ್ಚು ಹೋದರೂ ಲೆಕ್ಕ ಎಷ್ಟು ತಪ್ಪುತ್ತದೆ ನೋಡಿ.

ಟಾಪ್ ಅಪ್ ಆದಮೇಲೆ ಒಂದೆರಡು ದಿನ ಚೆನ್ನಾಗಿತ್ತು ಎನ್ನುತ್ತಾರೆ. ಅದಕ್ಕೂ ಕಾರಣವಿದೆ. ಕೆಲಸ ಮುಗಿಯುವ ಹೊತ್ತಿಗೆ ಸಂಜೆಯಾಗಿರುತ್ತದೆ, ಹೊರಗಿನ ಬಿಸಿ 28-30 ಡಿಗ್ರಿಗೆ ಇಳಿದಿರುತ್ತದೆ. ಆ ಹೊತ್ತಿನಲ್ಲಿ ಗ್ಯಾಸ್ ಹೆಚ್ಚಿದ್ದರೂ ಎಸಿ ತಂಪು ಕೊಡುತ್ತದೆ. ಎಸಿಯ ಪರೀಕ್ಷೆ ಮಧ್ಯಾಹ್ನ ಎರಡು ಗಂಟೆಗೆ, ನಿಂತ ಕಾರಿನಲ್ಲಿ ಆಗಬೇಕು. ಸಂಜೆ ವೆಂಟ್‌ಗೆ ಕೈ ಒಡ್ಡಿ "ಸರಿ ಆಯ್ತು" ಅನ್ನುವುದನ್ನು ಗಿರಾಕಿಯೂ ಒಪ್ಪಬಾರದು, ಮೆಕ್ಯಾನಿಕ್ಕೂ ಹೇಳಬಾರದು.

ಈ ಬೇಸಿಗೆಯಲ್ಲಿ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಬದಲಿಸಲು ಇಪ್ಪತ್ತು ಸಾವಿರ ದಾಟುವ ಅಂದಾಜು ಕೊಟ್ಟಿದ್ದರು. ದುಡ್ಡು ಕಟ್ಟುವ ಮೊದಲು ಇನ್ನೊಂದು ಕಡೆ ತೋರಿಸೋಣ ಎಂದು ಮಾಲೀಕರು ಮನಸ್ಸು ಮಾಡಿದ್ದು ಮೊದಲ ಒಳ್ಳೆಯ ನಿರ್ಧಾರ.

ಥರ್ಮಾಮೀಟರ್, ಗೇಜ್, ಒಂದು ಹಾಳೆ

ಮಧ್ಯಾಹ್ನ ಎರಡು ಗಂಟೆ, ನೆರಳು, ಹೊರಗೆ 37 ಡಿಗ್ರಿ. ಗಾಜುಗಳು ಮೇಲೆ, ಬ್ಲೋವರ್ 4ರಲ್ಲಿ, ಲಿವರ್ ಒಳಗಾಳಿಗೆ, ನಡುವಿನ ವೆಂಟ್ ಒಳಗೆ ಕಡ್ಡಿ ಥರ್ಮಾಮೀಟರ್. ಪ್ರತಿ ಅಳತೆಯೂ ಇದೇ ಸ್ಥಿತಿಯಲ್ಲಿ, ಎಂಜಿನ್ ಹತ್ತು ನಿಮಿಷ ಓಡಿದ ಮೇಲೆ. ಸ್ಥಿತಿ ಬದಲಾದರೆ ಅಂಕಿಗಳನ್ನು ಹೋಲಿಸುವಂತಿಲ್ಲ.

ಕಾರು ಹೇಗೆ ಬಂತೋ ಹಾಗೆಯೇ ಇಟ್ಟು ನೋಡಿದಾಗ, ಕಾರು ನಿಂತು ಎಂಜಿನ್ ಮಾತ್ರ ಓಡುವ ಐಡಲ್‌ನಲ್ಲಿ ವೆಂಟ್ ಗಾಳಿ 21 ಡಿಗ್ರಿ. ಆಗ ಕಂಡದ್ದು ನೀಲಿ-ಕೆಂಪು ನಾಬ್. ಅದು ನಡುಮಧ್ಯದಲ್ಲಿತ್ತು.

"ಅಣ್ಣಾ, ಈ ನಾಬ್ ಯಾವಾಗಲೂ ಇಲ್ಲೇ ಇರ್ತೈತಾ?"

"ಹೂಂ. ಮುಂದ ಭಾಳ ಚಳಿ ಆಗ್ತೈತಂತ ಇಟ್ಟಿದ್ದು. ಆಮೇಲೆ ಮುಟ್ಟೇ ಇಲ್ಲ."

ನಾಬ್ ಪೂರ್ತಿ ನೀಲಿಗೆ ತಿರುಗಿಸಿ ಮತ್ತೆ ಹತ್ತು ನಿಮಿಷ. 16 ಡಿಗ್ರಿ. ಒಂದು ಸ್ಪ್ಯಾನರ್ ಮುಟ್ಟದೆ ಐದು ಡಿಗ್ರಿ ಇಳಿಯಿತು.

ಮ್ಯಾನುಯಲ್ ಎಸಿಯಲ್ಲಿ ಈ ನಾಬ್ ಕಂಪ್ರೆಸರ್‌ಗೆ ಏನೂ ಹೇಳುವುದಿಲ್ಲ. ಡ್ಯಾಶ್‌ಬೋರ್ಡ್ ಒಳಗೆ ಗಾಳಿ ಮೊದಲು ಕೂಲಿಂಗ್ ಕಾಯಿಲ್ ಹಾಯ್ದು ತಣ್ಣಗಾಗುತ್ತದೆ. ಅದರ ಮುಂದೆ ಒಂದು ಫ್ಲ್ಯಾಪ್, ಪಕ್ಕದಲ್ಲಿ ಎಂಜಿನ್ನಿನ ಬಿಸಿ ಕೂಲಂಟ್ ಹರಿಯುವ ಹೀಟರ್ ಕಾಯಿಲ್. ನಾಬ್ ಕೆಂಪಿನ ಕಡೆ ಸರಿದಷ್ಟೂ ಫ್ಲ್ಯಾಪ್ ತೆರೆದು, ತಣ್ಣಗಾದ ಗಾಳಿಯ ಒಂದು ಪಾಲು ಹೀಟರ್ ಹಾಯ್ದು ಬರುತ್ತದೆ. ಕಂಪ್ರೆಸರ್ ಮಾತ್ರ ಅಷ್ಟೇ ದುಡಿಯುತ್ತದೆ, ಪೆಟ್ರೋಲ್ ಅಷ್ಟೇ ಉರಿಯುತ್ತದೆ. ಪೆಟ್ರೋಲ್ ಸುಟ್ಟು ತಣ್ಣಗೆ ಮಾಡಿದ ಗಾಳಿಯನ್ನು ಮತ್ತೆ ಬಿಸಿ ಮಾಡಿಕೊಳ್ಳುವುದು ಇದು. ಬೇಸಿಗೆಯಲ್ಲಿ ಮ್ಯಾನುಯಲ್ ಎಸಿಯ ನಾಬ್ ಪೂರ್ತಿ ನೀಲಿಯಲ್ಲೇ ಇರಬೇಕು. ಚಳಿ ಎನಿಸಿದರೆ ಬ್ಲೋವರ್ ಇಳಿಸಬೇಕು, ವೆಂಟ್ ತಿರುಗಿಸಬೇಕು. ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇರುವ ಕಾರಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ 24 ಅಥವಾ 25 ಡಿಗ್ರಿಗೆ ಇಟ್ಟು ಆಟೋ ಒತ್ತಿ ಕೈಬಿಡುವುದೇ ಸರಿ, ಫ್ಲ್ಯಾಪು ಬ್ಲೋವರು ಎರಡನ್ನೂ ಅದೇ ನೋಡಿಕೊಳ್ಳುತ್ತದೆ.

ಆದರೂ 16 ಡಿಗ್ರಿ ಸಾಲದು. ಆಕ್ಸಿಲರೇಟರ್ ಒತ್ತಿ 2000 ಆರ್‌ಪಿಎಂಗೆ ತಂದರೆ 12ಕ್ಕೆ ಇಳಿಯಿತು, ಬಿಟ್ಟರೆ ಮತ್ತೆ ಏರಿತು. ಒತ್ತಡ ಅಳೆಯುವ ಗೇಜ್ ಹಾಕಿದಾಗ ಐಡಲ್‌ನಲ್ಲಿ ಕಂಪ್ರೆಸರ್‌ಗೆ ಗ್ಯಾಸ್ ಬರುವ ಲೋ ಸೈಡ್ 52 ಪಿಎಸ್‌ಐ, ಅದು ಒತ್ತಿ ಕಳಿಸುವ ಹೈ ಸೈಡ್ 310. ಎರಡೂ ಇರಬೇಕಾದ್ದಕ್ಕಿಂತ ಹೆಚ್ಚು.

ಪ್ರಕರಣ ತಿರುಗಿದ್ದು ಈ ಎರಡು ಅಂಕಿಗಳಿಂದ. ಗ್ಯಾಸ್ ಕಡಿಮೆಯಾಗಿದ್ದರೆ ಎರಡೂ ಮುಳ್ಳು ಕೆಳಗಿರಬೇಕಿತ್ತು. ಕಂಪ್ರೆಸರ್ ಸೋತಿದ್ದರೆ ಲೋ ಏರಿ, ಹೈ ಮೇಲಕ್ಕೆ ಹೋಗದೆ ನಿಲ್ಲಬೇಕಿತ್ತು. 310 ಒತ್ತುವ ಕಂಪ್ರೆಸರ್‌ಗೆ ಶಕ್ತಿ ಇಲ್ಲ ಎನ್ನಲು ಬರುವುದಿಲ್ಲ. ಇಪ್ಪತ್ತು ಸಾವಿರದ ಅಂದಾಜು ಅಲ್ಲಿಗೆ ಬಿದ್ದುಹೋಯಿತು. ಎರಡೂ ಮುಳ್ಳು ಮೇಲಿದ್ದರೆ ಅರ್ಥ ಸಾಮಾನ್ಯವಾಗಿ ಒಂದೇ: ಒಳಗಿನಿಂದ ಹೊತ್ತು ತಂದ ಬಿಸಿಯನ್ನು ಕಂಡೆನ್ಸರ್ ಹೊರಗೆ ಬಿಡಲಾರದೆ ಒದ್ದಾಡುತ್ತಿದೆ.

ಖಾತ್ರಿಗೆ ಒಂದು ಸುಲಭ ಪರೀಕ್ಷೆ ಮಾಡಲಾಯಿತು. ಎಂಜಿನ್ ಓಡುತ್ತಿರುವಾಗಲೇ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ಸ್ಪ್ರೇ ಬಾಟಲಿಯಿಂದ ಸಣ್ಣಗೆ ನೀರು. ಎರಡು ನಿಮಿಷದಲ್ಲಿ ಹೈ ಸೈಡ್ 220ಕ್ಕೆ ಇಳಿದು, ವೆಂಟ್ 11 ಡಿಗ್ರಿ ತೋರಿಸಿತು. ನೀರು ಆರಿದಂತೆ ಎರಡೂ ಮತ್ತೆ ಮೇಲಕ್ಕೆ. ಎಸಿ ತಂಪಾಗುತ್ತಿಲ್ಲ ಎಂದು ಗ್ಯಾಸ್ ಹಾಕಿಸಲು ಹೊರಟ ಯಾರಾದರೂ ಮನೆಯಲ್ಲೇ ಇದನ್ನು ಮಾಡಿ ನೋಡಬಹುದು. ನೀರು ಬಿದ್ದಾಗ ತಂಪು ಚುರುಕಾಗಿ ಹೆಚ್ಚಿದರೆ ಗ್ಯಾಸ್ ಹಾಕಿಸುವ ಮೊದಲು ಕಂಡೆನ್ಸರ್ ಮತ್ತು ಫ್ಯಾನ್ ನೋಡಿಸಬೇಕು. ಮುಂದಿನಿಂದ ಗ್ರಿಲ್ ಹೊರಗೆ ನಿಂತೇ ಸಿಂಪಡಿಸಿ, ಫ್ಯಾನ್ ಹತ್ತಿರ ಕೈ ಒಯ್ಯಬೇಡಿ.

ಫ್ಯಾನ್ ತಿರುಗುತ್ತಿತ್ತು. ಆದರೆ ತಿರುಗುವುದು ಬೇರೆ, ಗಾಳಿ ಎಳೆಯುವುದು ಬೇರೆ. ಒಂದು ಬಿಳಿ ಹಾಳೆಯನ್ನು ಕಂಡೆನ್ಸರ್ ಮುಂದೆ ಅಲ್ಲಲ್ಲಿ ಹಿಡಿದರೆ ಮೇಲಿನ ಎಡಭಾಗದಲ್ಲಿ ಅಂಟಿ ನಿಂತಿತು, ಕೆಳಭಾಗದಲ್ಲಿ ಜಾರಿ ಬಿತ್ತು. ಅಲ್ಲಿ ಗಾಳಿಯೇ ಹಾಯುತ್ತಿರಲಿಲ್ಲ.

ಮೊದಲು ತೊಳೆಯುವುದೋ, ಗ್ಯಾಸ್ ತೆಗೆಯುವುದೋ

ಎರಡನ್ನೂ ಒಟ್ಟಿಗೆ ಮಾಡಿ ಮುಗಿಸಬಹುದಿತ್ತು. ಹಾಗೆ ಮಾಡಿದರೆ ಯಾವುದರಿಂದ ಎಷ್ಟು ಗುಣವಾಯಿತು ಎಂಬುದು ತಿಳಿಯುವುದಿಲ್ಲ. ಮೊದಲು ತೊಳೆದು, ಅಳೆದು, ಆಮೇಲೆ ಗ್ಯಾಸ್ ಎಂದು ತೀರ್ಮಾನವಾಯಿತು.

ಮುಂದಿನ ಬಂಪರ್ ಬಿಚ್ಚಿದಾಗ ಕಂಡೆನ್ಸರ್‌ನ ಮುಖ ಅಷ್ಟೇನೂ ಕೊಳೆಯಾಗಿರಲಿಲ್ಲ. ವಾಟರ್ ಸರ್ವಿಸ್‌ನವರು ಮುಂದಿನಿಂದ ನೀರು ಹೊಡೆಯುತ್ತಿದ್ದರಲ್ಲ. ಕಸ ಇದ್ದದ್ದು ಹಿಂದೆ, ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಎರಡು ಬೆರಳಗಲದ ಸಂದಿನಲ್ಲಿ. ಮುಂದಿನಿಂದ ಹೊಡೆದ ನೀರೇ ಹೊಟ್ಟನ್ನು ಒಳಕ್ಕೆ ತಳ್ಳಿ ಅಲ್ಲಿ ಕೂಡಿಹಾಕಿತ್ತು. ಮೆಕ್ಕೆಜೋಳದ ಹೊಟ್ಟು, ದೂಳು, ಹುಳುಗಳ ರೆಕ್ಕೆ ಎಲ್ಲ ಸೇರಿ ಕೆಳಗಿನ ಮೂರನೇ ಒಂದು ಭಾಗಕ್ಕೆ ಕಂಬಳಿ ಹೊದಿಸಿದಂತಿತ್ತು.

ಫ್ಯಾನಿನ ಚೌಕಟ್ಟು ಸಡಿಲಿಸಿ, ರೇಡಿಯೇಟರ್ ಸ್ವಲ್ಪ ಹಿಂದಕ್ಕೆ ಬಾಗಿಸಿ, ಸಂದಿನೊಳಗಿಂದ ಹೊರಮುಖವಾಗಿ ನೀರು ಬಿಡಬೇಕು. ಅಂದರೆ ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ. ತೋಟಕ್ಕೆ ಬಿಡುವ ಪೈಪಿನ ಒತ್ತಡ ಸಾಕು. ವಾಟರ್ ಸರ್ವಿಸ್ ಗನ್ ಹತ್ತಿರದಿಂದ ಹೊಡೆದರೆ ಕಂಡೆನ್ಸರ್‌ನ ತೆಳು ಅಲ್ಯುಮಿನಿಯಂ ಎಸಳುಗಳು ಮಡಚಿಕೊಂಡು, ಕಸ ಹೋದರೂ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಇಲ್ಲಿ ಮಡಚಿದ್ದ ಎಸಳುಗಳನ್ನು ಹಲ್ಲಿನ ಬಾಚಣಿಗೆಯಂಥ ಉಪಕರಣದಿಂದ ಬಿಡಿಸಿ ನೇರ ಮಾಡಲಾಯಿತು. ಈ ಕೆಲಸಕ್ಕೆ ಹಿಡಿದಷ್ಟು ಹೊತ್ತು ಬೇರಾವುದಕ್ಕೂ ಹಿಡಿಯಲಿಲ್ಲ, ಖರ್ಚು ಮಾತ್ರ ಕೂಲಿಯೊಂದೇ.

ಮತ್ತೆ ಅದೇ ಅಳತೆ. ಹೈ ಸೈಡ್ 265, ಲೋ 44, ವೆಂಟ್ 13. ಅರ್ಧ ದಾರಿ.

ಉಳಿದರ್ಧ ಗ್ಯಾಸ್. ರಿಕವರಿ ಯಂತ್ರದಲ್ಲಿ ಹೊರತೆಗೆದು ತೂಗಿದರೆ 560 ಗ್ರಾಂ, ಬೇಕಿದ್ದಕ್ಕಿಂತ 140 ಗ್ರಾಂ ಹೆಚ್ಚು. ಗ್ಯಾಸ್ ಹೆಚ್ಚಾದರೆ ತಂಪೂ ಹೆಚ್ಚಬೇಕಲ್ಲವೇ ಎಂದು ಗಿರಾಕಿಗಳು ಕೇಳುತ್ತಾರೆ. ಕಂಡೆನ್ಸರ್‌ನಲ್ಲಿ ಗ್ಯಾಸ್ ದ್ರವವಾಗುತ್ತದೆ. ಹೆಚ್ಚಿಗೆ ತುಂಬಿದ್ದು ದ್ರವವಾಗಿ ಕಂಡೆನ್ಸರ್‌ನ ಕೆಳಗಿನ ಕೊಳವೆಗಳಲ್ಲೇ ನಿಂತುಬಿಡುತ್ತದೆ. ಅಷ್ಟು ಜಾಗ ಬಿಸಿ ಬಿಡುವ ಕೆಲಸಕ್ಕೆ ಇಲ್ಲವಾಗುತ್ತದೆ, ಒತ್ತಡ ಏರುತ್ತದೆ, ಕಾಯಿಲ್‌ನಲ್ಲಿ ತಂಪು ಕಡಿಮೆಯಾಗುತ್ತದೆ. ಹೊರಗಿನಿಂದ ಹೊಟ್ಟು, ಒಳಗಿನಿಂದ ಹೆಚ್ಚಿನ ಗ್ಯಾಸ್, ಎರಡೂ ಸೇರಿ ಅದೇ ಕೆಳಭಾಗವನ್ನು ಕೆಡಿಸಿದ್ದವು.

40 ನಿಮಿಷ ವ್ಯಾಕ್ಯೂಮ್ ಎಳೆದು, ಪಂಪ್ ನಿಲ್ಲಿಸಿ 20 ನಿಮಿಷ ಬಿಡಲಾಯಿತು. ಮುಳ್ಳು ಅಲುಗಲಿಲ್ಲ. ಅಂದರೆ ಹೇಳಿಕೊಳ್ಳುವಂಥ ಲೀಕ್ ಇಲ್ಲ. ಎಸಿ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಸೋರಿದ ಜಾಗ ಹುಡುಕದೆ ತುಂಬಿದರೆ ಮತ್ತೆ ಸೋರುತ್ತದೆ. ಹೊರತೆಗೆದ ಗ್ಯಾಸನ್ನು ಗಾಳಿಗೆ ಬಿಡುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ಆರ್134ಎ ಒಂದೊಂದು ಕಿಲೋ ಕೂಡ ವಾತಾವರಣವನ್ನು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಮಾಡುತ್ತದೆ, ಹಾಗಾಗಿ ರಿಕವರಿ ಯಂತ್ರ ಇರುವ ಕಡೆಗೇ ಹೋಗುವುದು ಒಳ್ಳೆಯದು. ಗ್ಯಾಸಿನ ಜೊತೆ ಬಂದ ಕಂಪ್ರೆಸರ್ ಎಣ್ಣೆಯನ್ನು ಅಳೆದು ಅಷ್ಟೇ ಹೊಸ ಎಣ್ಣೆ ಹಾಕಿ, ತಕ್ಕಡಿ ನೋಡಿ 420 ಗ್ರಾಂ ತುಂಬಲಾಯಿತು. ಐಡಲ್‌ನಲ್ಲಿ ಲೋ 35, ಹೈ 215, ವೆಂಟ್ 9 ಡಿಗ್ರಿ.

ಗ್ಲೋವ್ ಬಾಕ್ಸ್ ಹಿಂದಿನ ಎಸಿ ಫಿಲ್ಟರ್ ತೆಗೆದಾಗ ಅದರ ಮಡಿಕೆಗಳೊಳಗೆ ಹೊಟ್ಟು, ದೂಳು ಗಟ್ಟಿಯಾಗಿ ಕೂತಿದ್ದವು. ಏರ್ ಗನ್ನಿನಿಂದ ಜೋರಾಗಿ ಗಾಳಿ ಹೊಡೆದು ಮತ್ತೆ ಹಾಕಿದರೆ ಹಾಳೆ ಹರಿದು ಫಿಲ್ಟರ್ ಇದ್ದೂ ಇಲ್ಲದಂತಾಗುತ್ತದೆ. ಕೆಲವು ನೂರು ರೂಪಾಯಿಯ ಹೊಸದನ್ನು, ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೆ ಇರುವಂತೆ ಹಾಕಲಾಯಿತು. ಮೊದಲು ಬ್ಲೋವರ್ 4ರಲ್ಲಿ ಬರುತ್ತಿದ್ದ ಗಾಳಿ ಈಗ 3ರಲ್ಲೇ ಬಂತು. ಬೇಸ್ ಮಾಡೆಲ್ ಕಾರುಗಳಲ್ಲಿ ಕೆಲವಕ್ಕೆ ಈ ಫಿಲ್ಟರ್‌ನ ಜಾಗ ಮಾತ್ರ ಇದ್ದು ಫಿಲ್ಟರ್ ಇರುವುದಿಲ್ಲ. ಯಾರ್ಡ್‌ನಲ್ಲಿ ನಿಲ್ಲುವ ಕಾರಾದರೆ ಅದನ್ನು ಒಮ್ಮೆ ತೆಗೆದು ನೋಡಿ, ಇಲ್ಲದಿದ್ದರೆ ಹಾಕಿಸಿ.

ಕೈ ಹೋಗುವ ಜಾಗಗಳು

ಯಂತ್ರ ಸರಿಯಾಯಿತು. ಆದರೂ ಮಾಲೀಕರು ವಾರದಲ್ಲಿ ಫೋನ್ ಮಾಡಿದರು: ಊರೊಳಗೆ ತಂಪು ಚೆನ್ನಾಗಿದೆ, ಅವ್ವಗೆ ಮಾತ್ರ ಹಿಂದೆ ಅದೇ ಸೆಕೆ. ಕಾರು ತರಿಸಿ ನೋಡಿದರೆ ನಾಬ್ ಮತ್ತೆ ನಡುವಿಗೆ ಬಂದಿತ್ತು, ನಡುವಿನ ಎರಡೂ ವೆಂಟ್ ಡ್ರೈವರ್ ಎದೆಗೆ ಗುರಿಯಾಗಿದ್ದವು. ಹಿಂದಿನ ಸೀಟಿನಲ್ಲಿ ತಲೆಯ ಎತ್ತರಕ್ಕೆ ಥರ್ಮಾಮೀಟರ್ ಕಟ್ಟಿ ಪಿ.ಬಿ. ರಸ್ತೆಯಲ್ಲಿ ಹದಿನೈದು ನಿಮಿಷ ಓಡಿಸಿದಾಗ ಅಲ್ಲಿ 31 ಡಿಗ್ರಿ. ನಾಬ್ ನೀಲಿಗೆ ಸರಿಸಿ, ನಡುವಿನ ವೆಂಟ್‌ಗಳನ್ನು ಮೇಲೆತ್ತಿ, ಮುಂದಿನ ಎರಡು ಸೀಟುಗಳ ನಡುವಿನಿಂದ ಛಾವಣಿಗೆ ತಾಗಿ ಗಾಳಿ ಹಿಂದೆ ಹೋಗುವಂತೆ ಇಟ್ಟಾಗ 27.

ತಣ್ಣನೆಯ ಗಾಳಿ ಭಾರ, ತಾನಾಗಿ ಕೆಳಗಿಳಿಯುತ್ತದೆ. ಅದನ್ನು ಎದೆಗೆ ಹೊಡೆದರೆ ಡ್ರೈವರ್‌ನ ಮಡಿಲಲ್ಲೇ ಮುಗಿಯುತ್ತದೆ. ಛಾವಣಿಯ ಕೆಳಗೆ ಕಳಿಸಿದರೆ ಹಿಂದೆ ಹೋಗಿ ಇಳಿಯುತ್ತದೆ. ಹಿಂದೆ ವೆಂಟ್ ಇಲ್ಲದ ಕಾರಿಗೆ ಇದೇ ದಾರಿ. ಇನ್ನೊಂದು ಡಿಗ್ರಿ ಸಿಕ್ಕಿದ್ದು ಯಾರೂ ಎಣಿಸದ ಕಡೆಯಿಂದ. ಸ್ಯಾಂಪಲ್ ಚೀಲ ಇಡಲೆಂದು ಡಿಕ್ಕಿಯ ಮೇಲಿನ ಪಾರ್ಸೆಲ್ ಟ್ರೇ ತೆಗೆದು ಮನೆಯಲ್ಲಿಟ್ಟಿದ್ದರು. ಅದನ್ನು ಮತ್ತೆ ಕೂರಿಸಿದ ಮೇಲೆ ಡಿಕ್ಕಿಯ ಬಿಸಿ ಗಾಳಿ ಸೀಟಿನ ಕಡೆ ಬರುವುದು ನಿಂತಿತು, ತಂಪು ಮಾಡಬೇಕಾದ ಜಾಗವೂ ಕಡಿಮೆಯಾಯಿತು.

ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಹುದೇ ಎಂದು ಕೇಳಿದ್ದರು. ಬೇಡ ಎನ್ನಲಾಯಿತು. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ತಡೆದಿದೆ. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದವುಗಳಲ್ಲಿ 50% ಬೆಳಕು ಹಾಯಬೇಕು ಎಂಬುದು ನಿಯಮ. ಬದಲಿಗೆ ಹೊರಡುವ ಹೊತ್ತು ಬದಲಿಸಿದರು. ದಾವಣಗೆರೆಯಿಂದ ದುರ್ಗಕ್ಕೆ ರಸ್ತೆ ಹೆಚ್ಚುಕಡಿಮೆ ಪೂರ್ವ-ಆಗ್ನೇಯಕ್ಕೆ ಹೋಗುತ್ತದೆ. ಮಧ್ಯಾಹ್ನ ಮೂರಕ್ಕೆ ಹೊರಟರೆ ದಾರಿಯುದ್ದ ಬಿಸಿಲು ಹಿಂದಿನ ಗಾಜಿಗೆ, ಅಂದರೆ ಅವ್ವನ ಕತ್ತಿಗೆ. ಬೆಳಿಗ್ಗೆ ಹೋಗಿ ಸಂಜೆ ತಿರುಗಿ ಬಂದರೆ ಎರಡೂ ಸಲ ಬಿಸಿಲು ಮುಂದೆ, ಸನ್ ವೈಸರ್ ಇಳಿಸಿದರಾಯಿತು. ಯಾರ್ಡ್‌ನಲ್ಲಿ ನಿಲ್ಲಿಸಿದಾಗ ಮುಂದಿನ ಗಾಜಿನ ಒಳಗೆ ಬೆಳ್ಳಿ ಬಣ್ಣದ ಶೇಡ್.

ಬಿಸಿಲಲ್ಲಿ ನಿಂತ ಕಾರು ಹತ್ತಿದಾಗ ಏನು ಮಾಡಬೇಕೆಂಬುದನ್ನು ಕೈ ಹಿಡಿದು ಮಾಡಿಸಬೇಕಾಯಿತು. ಅವರ ರೂಢಿ ಎಂದರೆ ಹತ್ತಿ, ಗಾಜು ಮುಚ್ಚಿ, ಎಸಿ, ಬ್ಲೋವರ್ 4, ಒಳಗಾಳಿ. ಆ ಹೊತ್ತಿನಲ್ಲಿ ಒಳಗಿನ ಗಾಳಿ ಹೊರಗಿನದಕ್ಕಿಂತ ಹತ್ತಿಪ್ಪತ್ತು ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ಅದನ್ನೇ ಸುತ್ತಿಸಿ ತಣ್ಣಗೆ ಮಾಡುವುದಕ್ಕಿಂತ ಹೊರಗೆ ನೂಕುವುದು ಬೇಗ. ಹಿಂದಿನ ಎಡಗಾಜು ಇಳಿಸಿ, ಡ್ರೈವರ್ ಬಾಗಿಲನ್ನು ಐದಾರು ಸಲ ತೆಗೆದು ಹಾಕಿದರೆ ಕಾದ ಗಾಳಿ ಆ ಗಾಜಿನಿಂದ ಹೊರಬೀಳುತ್ತದೆ. ಎಂಜಿನ್ ಚಾಲೂ ಆದಮೇಲೆ ಎಸಿ, ಬ್ಲೋವರ್ 4, ಲಿವರ್ ಹೊರಗಾಳಿಗೆ, ನಾಲ್ಕೂ ಗಾಜು ಅಂಗೈಯಗಲ ಕೆಳಗೆ. ಒಂದೆರಡು ನಿಮಿಷ ಓಡಿದ ಮೇಲೆ ಗಾಜು ಮುಚ್ಚಿ ಒಳಗಾಳಿಗೆ ಬದಲಿಸುವುದು. ಹಿತವೆನಿಸಿದಾಗ ಬ್ಲೋವರ್ 2ಕ್ಕೆ. ಬ್ಲೋವರ್ ಇಳಿದರೆ ಕಾಯಿಲ್ ಬೇಗ ತಣ್ಣಗಾಗಿ ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ ಹೆಚ್ಚು ಹೊತ್ತು ಬಿಟ್ಟಿರುತ್ತದೆ, ಪೆಟ್ರೋಲ್ ಅಲ್ಲಿ ಉಳಿಯುತ್ತದೆ.

ಟ್ರಾಫಿಕ್‌ನಲ್ಲಿ, ರೈಲ್ವೆ ಗೇಟ್ ಹಾಕಿದಾಗ ಬ್ಲೋವರ್ 4ರಲ್ಲೇ ಇಟ್ಟು ಬೆವರುವವರೇ ಹೆಚ್ಚು. ಐಡಲ್‌ನಲ್ಲಿ ಕಂಪ್ರೆಸರ್ ನಿಧಾನ ತಿರುಗುತ್ತದೆ, ಅಷ್ಟು ಗಾಳಿಯನ್ನು ತಣ್ಣಗೆ ಮಾಡಲು ಅದಕ್ಕಾಗದು. 2ಕ್ಕೆ ಇಳಿಸಿದರೆ ಗಾಳಿ ಕಡಿಮೆ ಬಂದರೂ ತಂಪಾಗಿ ಬರುತ್ತದೆ.

ತೂಕಡಿಕೆಗೆ ಮದ್ದು ಲಿವರ್. ಮುಚ್ಚಿದ ಕಾರಿನಲ್ಲಿ ನಾಲ್ಕು ಜನ ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಬೇಗ ಏರುತ್ತದೆ. ತಲೆ ಭಾರ, ಆಕಳಿಕೆ ಅದರಿಂದಲೇ. ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೊಮ್ಮೆ ಎರಡು ಮೂರು ನಿಮಿಷ ಹೊರಗಾಳಿ ತೆಗೆದುಕೊಳ್ಳಬೇಕು. ಡ್ರೈವ್ ಮಾಡುತ್ತ ಗಡಿಯಾರ ನೋಡುವವರು ಯಾರು? ದಾರಿಯ ಊರುಗಳನ್ನೇ ಗುರುತು ಮಾಡಿಕೊಂಡರು: ಆನಗೋಡು ದಾಟಿದಾಗ ಒಮ್ಮೆ, ಭರಮಸಾಗರ ದಾಟಿದಾಗ ಇನ್ನೊಮ್ಮೆ. ಟೋಲ್ ಸಾಲಿನಲ್ಲಿ, ಲಾರಿಯ ಹಿಂದೆ ಮಾತ್ರ ಒಳಗಾಳಿಯೇ ಇರಬೇಕು.

ವಾಸನೆಗೆ ಊರು ಸೇರುವ ಮೂರ್ನಾಲ್ಕು ನಿಮಿಷ ಮೊದಲು ಎಸಿ ಬಟನ್ ಆಫ್ ಮಾಡಿ, ಬ್ಲೋವರ್ 3ರಲ್ಲಿ ಹೊರಗಾಳಿ ಬಿಡುವುದು. ಕಾಯಿಲ್ ಒಣಗಿ ಬೂಷ್ಟು ಕಟ್ಟುವುದಿಲ್ಲ. ಈ ಮಾಲೀಕರಿಗೆ ಇಲ್ಲೊಂದು ತೊಡಕಿತ್ತು. ಅವರು ಸೇರುವುದು ಯಾರ್ಡ್‌ಗೆ. ಅಲ್ಲಿ ಹೊರಗಾಳಿ ತೆರೆದರೆ ಹೊಟ್ಟನ್ನೇ ಒಳಗೆ ಕರೆದಂತೆ. ಹಾಗಾಗಿ ಒಣಗಿಸುವುದು ಮೇನ್ ರಸ್ತೆಯಲ್ಲೇ ಮುಗಿಯಬೇಕು, ಯಾರ್ಡ್ ಗೇಟ್‌ಗೆ ಬರುವಷ್ಟರಲ್ಲಿ ಲಿವರ್ ಒಳಗಾಳಿಗೆ ಬಂದಿರಬೇಕು ಎಂದಾಯಿತು.

ಮಳೆಗಾಲದಲ್ಲಿ ಹೊರಬಿದ್ದದ್ದು

ಜುಲೈಯಲ್ಲಿ ಹೊಸ ದೂರು. ದುರ್ಗಕ್ಕೆ ಹೋಗುವಾಗ ಹೊರಟು ಒಂದು ತಾಸು ಆಗುತ್ತ ಬಂದಂತೆ ವೆಂಟ್‌ನಲ್ಲಿ ಗಾಳಿಯೇ ಕಡಿಮೆಯಾಗುತ್ತದೆ. ಬ್ಲೋವರ್ ಸದ್ದು ಇರುತ್ತದೆ, ಗಾಳಿ ಇಲ್ಲ. ಎಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿ.

ಇದು ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುವ ಲಕ್ಷಣ. ಕಾಯಿಲ್‌ನ ಎಸಳುಗಳ ನಡುವೆ ಥರ್ಮಿಸ್ಟರ್ ಎಂಬ ಕಡ್ಡಿಯಂಥ ಸೆನ್ಸರ್ ಸಿಕ್ಕಿಸಿರುತ್ತಾರೆ. ಕಾಯಿಲ್ 3-4 ಡಿಗ್ರಿಗೆ ಇಳಿದ ಕೂಡಲೇ ಕಂಪ್ರೆಸರ್ ಕ್ಲಚ್ ಬಿಡಿಸುವುದು ಅದರ ಕೆಲಸ. ಬ್ಲೋವರ್ 1ರಲ್ಲಿ ಇಟ್ಟು ಎಂಜಿನ್ 2500 ಆರ್‌ಪಿಎಂಗೆ ಏರಿಸಿ ನೋಡಿದರೆ ವೆಂಟ್ 1 ಡಿಗ್ರಿಗೆ ಇಳಿದರೂ ಕ್ಲಚ್ ಬಿಡಲಿಲ್ಲ. ಕಾಯಿಲ್ ಇರುವ ಬಾಕ್ಸ್ ತೆರೆದಾಗ ಸೆನ್ಸರ್ ಕಾಯಿಲ್‌ನಿಂದ ಈಚೆ ಬಂದು ಬರಿಗಾಳಿಯಲ್ಲಿ ತೂಗುತ್ತಿತ್ತು. ಕಾಯಿಲ್ ಎಷ್ಟೇ ತಣ್ಣಗಾದರೂ ಅದಕ್ಕೆ ಗೊತ್ತಾಗುವುದು ತಡ. ಕಾಯಿಲ್ ಬಿಚ್ಚಿದ್ದು ಎರಡು ವರ್ಷದ ಹಿಂದೆ ಒಂದೇ ಸಲ.

ಬೇಸಿಗೆಯಲ್ಲಿ ಯಾಕೆ ಕಾಣಲಿಲ್ಲ? ದಾವಣಗೆರೆಯ ಏಪ್ರಿಲ್ ಗಾಳಿ ಒಣ. ಕಾಯಿಲ್ ಸೊನ್ನೆಗಿಂತ ಕೆಳಗಿಳಿದರೂ ಗಾಳಿ ನಿಲ್ಲಿಸುವಷ್ಟು ಗಡ್ಡೆ ಕಟ್ಟಲು ತೇವ ಸಾಲದು. ಜುಲೈಯ ಗಾಳಿಯಲ್ಲಿ ನೀರಿದೆ. ಇದೇ ಕಾರಣಕ್ಕೆ ನಮ್ಮ ಕಡೆ ಬೇಸಿಗೆಯಲ್ಲಿ ಕಾರಿನಡಿ ನೀರು ತೊಟ್ಟಿಕ್ಕದಿದ್ದರೆ ಅದೊಂದರಿಂದಲೇ ಎಸಿ ಕೆಟ್ಟಿದೆ ಎನ್ನಲಾಗದು. ಮಂಗಳೂರಿನಲ್ಲಾದರೆ ಆ ಮಾತು ಬೇರೆ.

ಈಗ ಮೊದಲ ದಿನದ ಮಾತಿಗೆ ಹಿಂದಿರುಗಿ ನೋಡಿದರೆ ಸರಪಳಿ ಪೂರ್ತಿ ಕಾಣುತ್ತದೆ. ಸೆನ್ಸರ್ ಜಾರಿತು, ಹೈವೇ ವೇಗದಲ್ಲಿ ಕ್ಲಚ್ ಬಿಡದೆ ಮುಂದಿನವರ ಕೈ ಮರಗಟ್ಟಿತು. ಅದಕ್ಕೆ ನಾಬ್ ನಡುವಿಗೆ ಸರಿಯಿತು. ನಾಬ್ ಅಲ್ಲೇ ಉಳಿದು ಊರೊಳಗೆ ಗಾಳಿ ಬೆಚ್ಚಗಾಯಿತು. ಅದಕ್ಕೆ ಗ್ಯಾಸ್, ಮತ್ತೆ ಗ್ಯಾಸ್. ಸೆನ್ಸರ್ ಸಿಕ್ಕಿಸುವ ಕೆಲಸ ಒಂದು ಗಂಟೆಯದು. ಗಿರಾಕಿ ಯಾವುದಾದರೂ ನಾಬನ್ನು ವಿಚಿತ್ರ ಜಾಗದಲ್ಲಿ ಇಟ್ಟುಕೊಂಡಿದ್ದರೆ, ಯಾವಾಗಿನಿಂದ, ಯಾಕೆ ಎಂದು ಕೇಳಲೇಬೇಕು. ರೂಢಿ ತಿದ್ದಿದರೂ ನಾಬ್ ವಾರದಲ್ಲಿ ನಡುವಿಗೆ ಮರಳಿತ್ತಲ್ಲ, ಅದು ಮೊಂಡುತನವಾಗಿರಲಿಲ್ಲ. ಅವರಿಗೆ ನಿಜಕ್ಕೂ ಚಳಿಯಾಗುತ್ತಿತ್ತು.

ಮಳೆಯಲ್ಲಿ ಗಾಜು ಮಂಜಾಗುವುದಕ್ಕೂ ಆಗಲೇ ಹೇಳಿಕೊಡಲಾಯಿತು. ಒಳಗಿನಿಂದ ಮಂಜಾದರೆ ಎಸಿ ಆನ್, ಗಾಳಿ ಗಾಜಿಗೆ, ಲಿವರ್ ಹೊರಗಾಳಿಗೆ. ನಾಬ್ ತುಸು ಕೆಂಪಿಗೆ ಸರಿಸಬೇಕಾದ ಹೊತ್ತು ಇದೊಂದೇ. ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಗಾಜನ್ನು ಬೆಚ್ಚಗೆ ಮಾಡುತ್ತದೆ. ಹೊರಗಿನಿಂದ ಮಂಜಾದರೆ ವೈಪರ್ ಹಾಕಿ, ಗಾಜಿಗೆ ಹೊಡೆಯುವ ತಣ್ಣನೆ ಗಾಳಿಯನ್ನು ಬೇರೆಡೆ ತಿರುಗಿಸಬೇಕು. ಬೆರಳಿನಿಂದ ಒರೆಸಿ ನೋಡಿದರೆ ಯಾವ ಕಡೆಯದು ಎಂದು ತಿಳಿಯುತ್ತದೆ.

ಈಗಿನ ಸ್ಥಿತಿ

ಸೆನ್ಸರ್ ಕೂರಿಸಿದ ಮೇಲೆ ಹೈವೇಯಲ್ಲಿ ವೆಂಟ್ 5-6 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತಿದೆ, ಕ್ಲಚ್ ಬಿಟ್ಟು ಹಿಡಿಯುವುದು ಕೇಳಿಸುತ್ತದೆ. ನಾಬ್ ನೀಲಿಯಲ್ಲೇ ಇದೆ. ಹಿಂದಿನ ಸೀಟು ಮುಂದಿನದಕ್ಕಿಂತ ಈಗಲೂ ಎರಡು ಡಿಗ್ರಿ ಬಿಸಿ. ಹಿಂದೆ ವೆಂಟ್ ಇಲ್ಲದ ಕಾರಿನಲ್ಲಿ ಇದಕ್ಕಿಂತ ಹೆಚ್ಚು ಸಾಧಿಸಲಾಗದು, ಅದನ್ನು ಮಾಲೀಕರಿಗೆ ಮುಚ್ಚುಮರೆಯಿಲ್ಲದೆ ಹೇಳಲಾಗಿದೆ. ಮೆಕ್ಕೆಜೋಳದ ಸುಗ್ಗಿ ಮುಗಿದ ಮೇಲೆ ಜನವರಿಯಲ್ಲಿ ಕಂಡೆನ್ಸರ್ ಸಂದನ್ನು ಒಳಗಿನಿಂದ ತೊಳೆಸುವುದು, ಮಾರ್ಚ್‌ನಲ್ಲಿ ಹೊಸ ಎಸಿ ಫಿಲ್ಟರ್, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ ಕಂಪ್ರೆಸರ್ ಸೀಲ್‌ಗಳಿಗೆ ಎಣ್ಣೆ ತಾಗಿಸುವುದು ಎಂದು ಗೊತ್ತುಮಾಡಲಾಗಿದೆ. ತುಂಬಿದ ಗ್ಯಾಸಿನ ತೂಕ ಮತ್ತು ತಾರೀಕನ್ನು ಬಾನೆಟ್ ಒಳಗಿನ ಸ್ಟಿಕ್ಕರ್ ಪಕ್ಕದಲ್ಲೇ ಬರೆದು ಅಂಟಿಸಿದೆ. ಮುಂದೆ ಯಾರೇ ಬಾನೆಟ್ ಎತ್ತಿದರೂ ಡಬ್ಬಿ ಕೈಗೆತ್ತಿಕೊಳ್ಳುವ ಮೊದಲು ಅದು ಕಣ್ಣಿಗೆ ಬೀಳುತ್ತದೆ.